ಬೆಣ್ಣೆಗಾಲಿನವನ ಹನ್ನೆರಡು ಓಟ

ಇಪ್ಪತ್ತೇಳು ವರ್ಷ ಗಾಡಿ ಓಡಿಸಿದ ಆ ಮನುಷ್ಯ ಕೆಲಸದ ಹೊತ್ತಿನಲ್ಲಿ ಒಂದು ಗೇಣೂ ಮುಂದೆ ಹೋದವನಲ್ಲ. ಮನೆಗೆ ಬಂದ ನೆಂಟರಿಗೆಲ್ಲ ಅವನ ಹೆಂಡತಿ ಇದನ್ನೇ ಹೇಳಿ ನಗಿಸುತ್ತಿದ್ದಳು. "ನಮ್ಮನೆಯವ್ರು ಭೂಮಿನ ಎಷ್ಟು ಸುತ್ತು ಹಾಕಿದಾರೋ ಲೆಕ್ಕ ಇಲ್ಲ. ಆದ್ರೆ ಹತ್ತಿದ ಜಾಗದಲ್ಲೇ ಇಳೀತಾರೆ. ಸಂಜೆ ಮನೆಗೆ ಮಾತ್ರ ಬಸ್ಸಲ್ಲಿ ಬರ್ತಾರೆ."

ಅವನ ಕೆಲಸ ಇದ್ದದ್ದು ಗಾಡಿಗಳ ಹೊಗೆಯನ್ನು ಪರೀಕ್ಷೆ ಮಾಡುವ ಸಂಶೋಧನಾಲಯದಲ್ಲಿ. ಉದ್ದನೆಯ ಕೋಣೆ, ಒಂದು ಕಿಟಕಿಯೂ ಇಲ್ಲ. ನೆಲದಲ್ಲಿ ಅರ್ಧ ಹೂತಿಟ್ಟ ಎರಡು ಉಕ್ಕಿನ ಉರುಳೆ. ಗಾಡಿಯ ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ ನಾಲ್ಕೂ ಕಡೆಯಿಂದ ಪಟ್ಟಿ ಬಿಗಿದು ಕಟ್ಟುತ್ತಾರೆ, ಮೊಂಡು ಎತ್ತನ್ನು ಕಟ್ಟಿದ ಹಾಗೆ. ಎದುರಿಗೆ ಆಳೆತ್ತರದ ಫ್ಯಾನು. ಹಿಂದೆ ಹೊಗೆಕೊಳವೆಗೆ ಒಂದು ದಪ್ಪ ಪೈಪು ಸಿಕ್ಕಿಸಿ ಬಂದ ಹೊಗೆಯನ್ನೆಲ್ಲ ದೊಡ್ಡ ದೊಡ್ಡ ಚೀಲಗಳಲ್ಲಿ ಹಿಡಿಯುತ್ತಾರೆ. ಇವನು ಒಳಗೆ ಕೂತು ಓಡಿಸಬೇಕು. ಚಕ್ರ ತಿರುಗುತ್ತದೆ, ಉರುಳೆ ತಿರುಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ.

ಓಡಿಸುವುದೆಂದರೆ ಮನಸ್ಸು ಬಂದ ಹಾಗಲ್ಲ. ಪಕ್ಕದಲ್ಲಿ ಒಂದು ಪರದೆ ಇರುತ್ತದೆ, ಅದರ ಮೇಲೆ ಒಂದು ಗೆರೆ ಹರಿದು ಬರುತ್ತಿರುತ್ತದೆ. ಗೆರೆ ಏರಿದರೆ ವೇಗ ಏರಿಸಬೇಕು, ಇಳಿದರೆ ಇಳಿಸಬೇಕು, ನೆಲ ಹಿಡಿದರೆ ನಿಲ್ಲಿಸಬೇಕು. ಇಪ್ಪತ್ತಮೂರು ನಿಮಿಷ ಕಣ್ಣು ಕೀಳುವಂತಿಲ್ಲ. ವೇಗ ಗೆರೆಯಿಂದ ಗಂಟೆಗೆ ಎರಡು ಕಿಲೋಮೀಟರು ಮೇಲೆ, ಎರಡು ಕಿಲೋಮೀಟರು ಕೆಳಗೆ, ಅಷ್ಟು ಮಾತ್ರ ಸಡಿಲ. ಆ ಸಡಿಲದಾಚೆ ಹೋದರೆ ಓಟ ರದ್ದು, ಗಾಡಿಯನ್ನು ಮತ್ತೆ ಇಡೀ ದಿನ ತಣ್ಣಗೆ ನಿಲ್ಲಿಸಿ ಮೊದಲಿಂದ ಶುರು.

ಇಪ್ಪತ್ತೇಳು ವರ್ಷದಲ್ಲಿ ಅವನ ಓಟ ರದ್ದಾದದ್ದು ನಾಲ್ಕು ಸಲ. ಅದರಲ್ಲಿ ಒಂದು ಸಲ ಕರೆಂಟು ಹೋಗಿತ್ತು. ಪರದೆಯ ಮೇಲೆ ಅವನ ವೇಗ ತೋರಿಸುವ ಚುಕ್ಕೆ ಗೆರೆಯ ಮೇಲೆ ಕೂತರೆ ಎದ್ದೇಳುತ್ತಿರಲಿಲ್ಲ. ಪೆಡಲನ್ನು ಅವನು ಒತ್ತುತ್ತಿದ್ದನೋ, ಬರೀ ಅದರ ಮೇಲೆ ಉಸಿರು ಬಿಡುತ್ತಿದ್ದನೋ ಹೇಳುವುದು ಕಷ್ಟ. ಅದಕ್ಕೇ ಅವನಿಗೆ ಬೆಣ್ಣೆಗಾಲು ಎಂದು ಹೆಸರಾಯಿತು. ಎರಡನೆಯ ಕೋಣೆಯಲ್ಲಿ ಇನ್ನೊಬ್ಬ ಚಾಲಕನಿದ್ದ. ಅವನೂ ಗೆರೆ ಬಿಡುವವನಲ್ಲ, ಆದರೆ ಒದ್ದು ಏರಿಸುವವನು, ತುಳಿದು ಇಳಿಸುವವನು. ಅವನಿಗೆ ಒನಕೆಗಾಲು ಎನ್ನುತ್ತಿದ್ದರು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚುವವರು.

"ನೀನು ಹೆಂಡ್ತಿ ಮಾತಿಗೂ ಹೀಗೇ ಮೆತ್ತಗೆ ಬ್ರೇಕ್ ಹಾಕ್ತೀಯೇನಯ್ಯ" ಎಂದು ಒನಕೆಗಾಲು ಕೆಣಕುತ್ತಿದ್ದ.

"ಅಲ್ಲಿ ಬ್ರೇಕೇ ಇಲ್ಲ, ಇಳಿಜಾರು" ಎನ್ನುತ್ತಿದ್ದ ಇವನು.

ಬೆಣ್ಣೆಗಾಲು ಓದಿದ್ದು ಆರನೆಯ ಕ್ಲಾಸು. ಆದರೆ ಕೈಗೆ ಬಂದ ಯಾವ ಕಾಗದವನ್ನೂ ಬೆರಳಿಟ್ಟು, ತುಟಿ ಆಡಿಸುತ್ತ, ಕೊನೆಯ ಅಕ್ಷರದವರೆಗೆ ಓದದೆ ಬಿಡುತ್ತಿರಲಿಲ್ಲ. ಔಷಧಿ ಡಬ್ಬದ ಮೇಲಿನ ಸಣ್ಣಕ್ಷರ, ಬಸ್ಸಿನ ಚೀಟಿಯ ಹಿಂಭಾಗ, ಮದುವೆ ಕರೆಯೋಲೆಯಲ್ಲಿ ಅಚ್ಚಿನ ಮನೆಯ ಹೆಸರು, ಎಲ್ಲವೂ ಆಗಬೇಕು. ಮಗಳು ಚಿಕ್ಕವಳಿದ್ದಾಗ ಅವಳ ಶಾಲೆಯ ಅಂಕಪಟ್ಟಿ ಓದಿ ಮುಗಿಸುವಷ್ಟರಲ್ಲಿ ಅವಳು ಅತ್ತು, ಸುಮ್ಮನಾಗಿ, ಆಡಲು ಹೋಗಿರುತ್ತಿದ್ದಳು.

ಒಬ್ಬಳೇ ಮಗಳು. ಅವಳಿಗೆ ಹದಿನೆಂಟು ತುಂಬಿದ ವಾರವೇ ಊರಾಚೆಯ ಬಯಲಿಗೆ ಕರೆದುಕೊಂಡು ಹೋಗಿ ಗಾಡಿ ಕಲಿಸಿದ. ಗಾಡಿಯ ಮುಂದಿನ ಗಾಜಿನ ಕೆಳಗೆ ಒಂದು ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿ, ಅದು ಬೀಳದ ಹಾಗೆ ಓಡಿಸು ಅಂದ. ಮೂರನೆಯ ದಿನಕ್ಕೆ ಪೊಟ್ಟಣ ನಿಂತಿತು. ಮಗಳದೂ ತನ್ನದೇ ಕಾಲು ಎಂದು ಅವನು ಬೀಗಿದ್ದೇ ಬೀಗಿದ್ದು.

ಅಳಿಯನನ್ನು ಆರಿಸಿದವನೂ ಅವನೇ. ಆ ಹುಡುಗ ಸಂಶೋಧನಾಲಯಕ್ಕೆ ಹೊಸ ಎಂಜಿನಿಯರಾಗಿ ಬಂದಿದ್ದ. ಒಂದು ದಿನ ಬೆಣ್ಣೆಗಾಲು ಓಟ ಮುಗಿಸಿ ಕೆಳಗಿಳಿದಾಗ ಹುಡುಗ ಬಾಗಿಲಲ್ಲಿ ನಿಂತಿದ್ದ, ಮುಖ ಸಣ್ಣಗಾಗಿತ್ತು. "ಚೀಲದ ಬಾಯಿ ತೆಗೆಯೋದೇ ಮರೆತಿದ್ದೆ. ಹೊಗೆ ಎಲ್ಲಾ ಹೊರಗೆ ಹೋಯ್ತು. ತಪ್ಪು ನಂದು. ನಾಳೆ ಇನ್ನೊಂದ್ಸಲ ಓಡಿಸ್ತೀರಾ?" ಅಂದ. ಆ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚೀಲ ತೂತಾಗಿತ್ತು ಎಂದಿದ್ದರೂ ನಡೆಯುತ್ತಿತ್ತು. ಸಂಜೆ ಮನೆಗೆ ಬಂದವನೇ ಬೆಣ್ಣೆಗಾಲು ಚಪ್ಪಲಿ ಬಿಡುವ ಮೊದಲು ಹೆಂಡತಿಗೆ ಹೇಳಿದ: "ತನ್ನ ತಪ್ಪು ತಾನೇ ಬಂದು ಹೇಳೋ ಹುಡುಗ ಕಣೆ. ನಮ್ಮ ಹುಡುಗಿಗೆ ಇನ್ನೆಂಥವನು ಬೇಕು?"

ಹುಡುಗಿಗೂ ಒಪ್ಪಿಗೆಯಾಯಿತು. ಮದುವೆಯಾಗಿ ಆರು ವರ್ಷ, ಅಳಿಯ ಮಾವನನ್ನು ಕೋಣೆಯಲ್ಲಿ 'ಚಾಲಕರೇ' ಎಂದೂ ಮನೆಯಲ್ಲಿ 'ಮಾವ' ಎಂದೂ ಕರೆಯುತ್ತ ಚೆನ್ನಾಗಿಯೇ ನಡೆದಿತ್ತು.

ಅಳಿಯನ ಸಂಶೋಧನೆ ಏನೆಂದು ಬೆಣ್ಣೆಗಾಲಿಗೆ ತನ್ನ ರೀತಿಯಲ್ಲಿ ಗೊತ್ತಿತ್ತು. ಎಣ್ಣೆ ಕಡಿಮೆ ಕುಡಿಯುವ ಎಂಜಿನ್ನು ಮಾಡಬಹುದು, ಆದರೆ ಗಾಳಿ ಹೆಚ್ಚು ಎಣ್ಣೆ ಕಡಿಮೆ ಕೊಟ್ಟು ಉರಿಸಿದಾಗ ಕಣ್ಣಿಗೆ ಕಾಣದ ಕೆಟ್ಟ ಗಾಳಿ ಹೆಚ್ಚು ಬರುತ್ತದೆ. ಅದನ್ನು ಹಿಡಿಯಲು ಹೊಗೆಕೊಳವೆಗೆ ಒಂದು ಶೋಧಕ ಡಬ್ಬಿ ಕೂರಿಸಬೇಕು. ಡಬ್ಬಿ ಕೂರಿಸಿದರೆ ಎಂಜಿನ್ನಿಗೆ ಉಸಿರು ಕಟ್ಟಿ ಉಳಿಸಿದ ಎಣ್ಣೆಯನ್ನು ಮತ್ತೆ ಅದೇ ಕುಡಿದುಬಿಡುತ್ತದೆ.

"ಮೂಗಿಗೆ ದಪ್ಪ ಬಟ್ಟೆ ಕಟ್ಕೊಂಡು ಓಡಿದ ಹಾಗೆ, ಮಾವ" ಎಂದು ಅಳಿಯ ವಿವರಿಸಿದ್ದ. "ನನ್ನ ಡಬ್ಬಿ ತೆಳು ಬಟ್ಟೆ. ಗಾಳಿನೂ ಶುದ್ಧ ಆಗ್ಬೇಕು, ಉಸಿರೂ ಆಡ್ಬೇಕು."

ಮೂರು ವರ್ಷ ಅವನು ಆ ಡಬ್ಬಿಯ ಹಿಂದೆ ಬಿದ್ದಿದ್ದ. ಮೂರನೆಯ ವರ್ಷದ ಮಧ್ಯದಲ್ಲಿ ಒಂದು ಸಂಜೆ ಮಾವನ ಮನೆಗೆ ಬಂದು ಹೊಸ್ತಿಲಲ್ಲೇ ನಿಂತು ಕೇಳಿದ: "ಮಾವ, ನನ್ನ ಡಬ್ಬಿಯ ಗಾಡಿಗೆ ನೀವೇ ಬೇಕು. ಬೇರೆಯವರ ಕಾಲನ್ನ ನಾನು ನಂಬಲ್ಲ."

ಈ ಮಾತನ್ನು ಬೆಣ್ಣೆಗಾಲು ಆ ವಾರ ಹೆಂಡತಿಗೆ ಮೂರು ಸಲ ಹೇಳಿದ. ಮೂರನೆಯ ಸಲ ಅವಳು, "ಕೇಳಿಸ್ತು ಕಣ್ರೀ, ನಿಮ್ಮ ಕಾಲಿಗೆ ಒಂದು ಶಾಲು ಹೊದಿಸ್ತೀನಿ ಬಿಡಿ" ಅಂದಳು.

ನೀಲಿ ಚೀಟಿ ಅಂಟಿಸಿದ ಬೂದು ಗಾಡಿ. ಹನ್ನೆರಡು ಓಟ ಓಡಿಸಿದ. ಒಂದೊಂದು ಓಟದ ಹಿಂದಿನ ದಿನವೂ ಖಾರ ತಿನ್ನುತ್ತಿರಲಿಲ್ಲ, ಹೊಟ್ಟೆ ಹಗುರ ಇದ್ದರೆ ಕಾಲು ಹಗುರ ಎಂಬುದು ಅವನ ನಂಬಿಕೆ. ಹನ್ನೆರಡರಲ್ಲಿ ಒಂದೂ ರದ್ದಾಗಲಿಲ್ಲ. ಮುಂದೆ ಮೂರು ತಿಂಗಳಿಗೆ ಸುದ್ದಿ ಬಂತು: ಹಳೆಯ ಡಬ್ಬಿಯ ಗಾಡಿಗಿಂತ ಅಳಿಯನ ಡಬ್ಬಿಯ ಗಾಡಿ ನೂರಕ್ಕೆ ಏಳು ಪಾಲು ಎಣ್ಣೆ ಉಳಿಸುತ್ತದೆ, ಕೆಟ್ಟ ಗಾಳಿಯೂ ಕಡಿಮೆ. ಡಬ್ಬಿಗೆ ಒಪ್ಪಿಗೆ ಸಿಕ್ಕರೆ ಸಾವಿರಾರು ಗಾಡಿಗಳಿಗೆ ಅದನ್ನೇ ಕೂರಿಸುತ್ತಾರೆ. ಅಳಿಯ ವಿಭಾಗಕ್ಕೇ ಯಜಮಾನನಾಗುತ್ತಾನೆ.

ಒಂದು ಭಾನುವಾರ ಬೆಳಗ್ಗೆ ಅಳಿಯ ಹಣ್ಣಿನ ಚೀಲ ಹಿಡಿದು ಬಂದ. ಜೊತೆಗೆ ಒಂದು ಹಾಳೆ. "ಏನಿಲ್ಲ ಮಾವ, ಚಾಲಕರ ಹೇಳಿಕೆ. ಒಪ್ಪಿಗೆ ಕೊಡೋರಿಗೆ ಕಳಿಸ್ಬೇಕು. ಇಲ್ಲೊಂದು ಸಹಿ ಹಾಕಿ."

ಬೆಣ್ಣೆಗಾಲು ಕನ್ನಡಕ ಹಾಕಿಕೊಂಡ. ಬೆರಳಿಟ್ಟ.

"ಅದೇನು ಓದೋದು ಬೇಡ, ಎಲ್ಲಾ ಮಾಮೂಲಿ" ಅಂದ ಅಳಿಯ.

ಬೆರಳು ನಿಧಾನವಾಗಿ ಸರಿದು ಐದನೆಯ ಸಾಲಿನಲ್ಲಿ ನಿಂತಿತು. ನೀಲಿ ಚೀಟಿಯ ಗಾಡಿ, ಹೊಸ ಡಬ್ಬಿ, ಹನ್ನೆರಡು ಓಟ, ಚಾಲಕ ಸಂಖ್ಯೆ ನಾಲ್ಕು. ನಾಲ್ಕು ಎಂದರೆ ಅವನೇ. ಕೆಳಗಿನ ಸಾಲು: ಹಳದಿ ಚೀಟಿಯ ಗಾಡಿ, ಹಳೆಯ ಡಬ್ಬಿ, ಹನ್ನೆರಡು ಓಟ, ಚಾಲಕ ಸಂಖ್ಯೆ ನಾಲ್ಕು.

ಹಳದಿ ಚೀಟಿಯ ಗಾಡಿಯ ಬಾಗಿಲನ್ನೂ ಅವನು ಮುಟ್ಟಿರಲಿಲ್ಲ.

ಬೆಣ್ಣೆಗಾಲು ಮತ್ತೆ ಮೇಲಿಂದ ಓದಿದ. ಅಡುಗೆಮನೆಯಲ್ಲಿ ಹೆಂಡತಿ ಲೋಟ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಎರಡು ಗಾಡಿಗಳನ್ನು ಹೋಲಿಸಿ ನೋಡುವಾಗ ಎರಡಕ್ಕೂ ಒಬ್ಬನೇ ಚಾಲಕನಿರಬೇಕು ಎಂಬುದು ಆ ಕೆಲಸದ ಮೊದಲ ಪಾಠ, ಕೋಣೆ ಗುಡಿಸುವವರಿಗೂ ಗೊತ್ತಿರುವ ಪಾಠ. ಹಳೆಯ ಡಬ್ಬಿಗೆ ತಾನು ಹಿಂದಿನ ವರ್ಷಗಳಲ್ಲಿ ಓಡಿಸಿದ ಓಟಗಳನ್ನೇ ಲೆಕ್ಕಕ್ಕೆ ಹಿಡಿದಿರುತ್ತಾರೆ ಎಂದು ಅವನು ಅಂದುಕೊಂಡಿದ್ದ.

"ಇಲ್ಲೇ ಇರ್ಲಿ. ಕಣ್ಣು ಸ್ವಲ್ಪ ಮಂಜು. ಆಮೇಲೆ ನೋಡ್ತೀನಿ" ಎಂದು ಹಾಳೆಯನ್ನು ಮಡಿಸಿ ಜೇಬಿಗಿಟ್ಟ. ಅಳಿಯನ ಮುಖ ನೋಡುವ ಧೈರ್ಯ ಅವನಿಗೇ ಆಗಲಿಲ್ಲ. ತಪ್ಪು ಮಾಡಿದವನು ತಾನೇ ಏನೋ ಎಂಬಂತೆ ಹಣ್ಣಿನ ಚೀಲವನ್ನು ದಿಟ್ಟಿಸುತ್ತ ಕೂತ.

ಸೋಮವಾರ ಬೆಂಚಿನ ಮೇಲೆ ಒನಕೆಗಾಲನ್ನು ಕೇಳಿದ. "ಹಳದಿ ಚೀಟಿ ಗಾಡಿ ಓಡ್ಸಿದ್ದು ಯಾರು?"

"ನಾನೇ. ಯಾಕೆ? ಹನ್ನೆರಡು ಓಟ. ಅದೂ ಬೂದು ಗಾಡಿನೇ, ಕ್ಲಚ್ಚು ಸ್ವಲ್ಪ ಬಿಗಿ."

ಬೆಣ್ಣೆಗಾಲು ಹಾಳೆ ಬಿಚ್ಚಿ ತೋರಿಸಿದ. ಒನಕೆಗಾಲು ಓದಿದ. ಬುತ್ತಿಯ ಮುಚ್ಚಳ ಹಾಕಿದ. ನಗಲು ಹೊರಟವನು ಇವನ ಮುಖ ನೋಡಿ ನಗಲಿಲ್ಲ.

"ಅಂದ್ರೆ ನಿನ್ನ ಅಳಿಯ ಹೊಸ ಡಬ್ಬಿಗೆ ನಿನ್ನ ಕಾಲು ಹಾಕ್ದ, ಹಳೇ ಡಬ್ಬಿಗೆ ನನ್ನ ಕಾಲು ಹಾಕ್ದ. ನನ್ನ ಕಾಲಿಗೆ ಯಾವ ಗಾಡಿನೂ ಎಣ್ಣೆ ಜಾಸ್ತಿ ಕುಡಿಯುತ್ತೆ."

"ಹೆಸರು ತಪ್ಪಿ ಬಿದ್ದಿರ್ಬೇಕು."

"ಹನ್ನೆರಡು ಸಲ ತಪ್ಪುತ್ತೇನಯ್ಯ ಹೆಸರು?"

ಆ ವಾರವೆಲ್ಲ ಅವನು ಅಳಿಯನ ಪರವಾಗಿ ತನಗೆ ತಾನೇ ವಕೀಲಿ ನಡೆಸಿದ. ಡಬ್ಬಿ ನಿಜಕ್ಕೂ ಒಳ್ಳೆಯದೇ ಇರಬಹುದು. ಏಳು ಅಲ್ಲದಿದ್ದರೆ ಆರು. ಕಾಲಿನಿಂದ ಅಂಥ ವ್ಯತ್ಯಾಸ ಎಷ್ಟು ಬಂದೀತು? ಇಷ್ಟು ವರ್ಷ ತನ್ನ ಕಾಲಿನ ಹಿರಿಮೆ ಹೇಳಿಕೊಂಡು ತಿರುಗಿದವನು ಈಗ ಅದು ಏನೂ ಅಲ್ಲದಿದ್ದರೆ ಸಾಕಪ್ಪಾ ಎಂದು ಬೇಡಿಕೊಳ್ಳುವ ಹಾಗಾಯಿತು.

ಪ್ರತಿ ಶನಿವಾರ ಉರುಳೆಗಳು ಸರಿಯಿವೆಯೋ ಇಲ್ಲವೋ ಎಂದು ನೋಡಲು ಒಂದು ಓಟ ಓಡಿಸುವ ಪದ್ಧತಿ ಇತ್ತು. ಯಾವ ಗಾಡಿಯಾದರೂ ಆದೀತು, ಯಾವ ಚಾಲಕನಾದರೂ ಆದೀತು. ಆ ಶನಿವಾರ ಬೆಣ್ಣೆಗಾಲು ಎರಡನೆಯ ಕೋಣೆಗೆ ಹೋದ. ಹಿಂದಿನ ದಿನವೇ ಒನಕೆಗಾಲು ಹಳದಿ ಚೀಟಿಯ ಗಾಡಿಯನ್ನು ತಣ್ಣಗೆ ನಿಲ್ಲಿಸಿಟ್ಟಿದ್ದ. ಚೀಲಗಳನ್ನು ನೋಡಿಕೊಳ್ಳುವ ಹೆಂಗಸು ಎಂದಿನಂತೆ ಚೀಲ ಜೋಡಿಸಿದಳು. ಬೆಣ್ಣೆಗಾಲು ಒಳಗೆ ಕೂತು ಸೀಟನ್ನು ಎರಡು ಹಲ್ಲು ಮುಂದೆ ಎಳೆದುಕೊಂಡ. ಒನಕೆಗಾಲಿನ ಕಾಲು ಉದ್ದ.

ಬೇಕೆಂದೇ ಒರಟಾಗಿ ಓಡಿಸಬಹುದಿತ್ತು. ಹಾಗೆ ಓಡಿಸಿದರೆ ಏಳಕ್ಕೆ ಏಳೂ ಉಳಿಯುತ್ತಿತ್ತು, ಮಗಳ ಸಂಸಾರ ಮೊದಲಿನ ಹಾಗೇ ಇರುತ್ತಿತ್ತು, ಭಾನುವಾರ ಅಳಿಯ ಹಣ್ಣು ತರುತ್ತಿದ್ದ. ಮೊದಲ ಏರು ಬಂದಾಗ ಬೆಣ್ಣೆಗಾಲು ಕಾಲನ್ನು ಗಟ್ಟಿ ಮಾಡಲು ನೋಡಿದ. ಆಗಲಿಲ್ಲ. ಗೆರೆ ಕಂಡರೆ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಇಪ್ಪತ್ತಮೂರು ನಿಮಿಷ ಹಳದಿ ಚೀಟಿಯ ಗಾಡಿ ಬೆಕ್ಕಿನ ಹಾಗೆ ಹೋಯಿತು.

ಹೆಂಗಸು ಲೆಕ್ಕದ ಚೀಟಿ ಹರಿದು ಕೊಟ್ಟಳು. ಬೆಣ್ಣೆಗಾಲು ಬೆರಳಿಟ್ಟು ಓದಿದ. ತನ್ನ ಹನ್ನೆರಡು ಓಟದ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಎರಡು ಡಬ್ಬಿಗಳ ನಡುವಿನ ಅಂತರ ನೂರಕ್ಕೆ ಒಂದೂವರೆ. ಕೆಟ್ಟ ಗಾಳಿಯಂತೂ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ಒನಕೆಗಾಲು ಬಹಳ ಹೊತ್ತು ತನ್ನ ಬೂಟಿನ ತುದಿ ನೋಡುತ್ತಿದ್ದ. "ಒಂದು ಮಾತು ಹೇಳ್ಲಾ? ರಸ್ತೆ ಮೇಲೆ ಇರೋವೆಲ್ಲ ನನ್ನ ಕಾಲೇ ಕಣಯ್ಯ. ನಿನ್ನ ಕಾಲು ಇರೋದು ಒಂದೇ ಒಂದು. ಆ ಡಬ್ಬಿ ಹೊತ್ಕೊಂಡು ಗಾಡಿ ಬೀದಿಗೆ ಬಂದ್ರೆ, ಅದನ್ನ ಓಡ್ಸೋರು ನನ್ನಂಥೋರು. ಆ ಹೊಗೆ ಕುಡಿಯೋರೂ ನನ್ನಂಥೋರೇ."

ಭಾನುವಾರ ಅಳಿಯ ಬರಲಿಲ್ಲ. ಮಗಳು ಬಂದಳು, ಒಬ್ಬಳೇ. ಶನಿವಾರದ ಓಟದ ಸುದ್ದಿ ಮುಟ್ಟಿತ್ತು. ಬಂದವಳು ಅಮ್ಮನ ಜೊತೆ ಸೊಪ್ಪು ಬಿಡಿಸುತ್ತ ಕೂತಳು. ಬೆಣ್ಣೆಗಾಲು ಎದುರಿನ ಕುರ್ಚಿಯಲ್ಲಿ ಕೂತ. ಸೊಪ್ಪು ಮುಗಿಯಿತು.

"ಅಪ್ಪಾ, ಅದಕ್ಕೆ ಸಹಿ ಹಾಕಿಬಿಡಿ" ಅಂದಳು ಮಗಳು. "ಅವರು ಮೂರು ವರ್ಷ ದುಡಿದಿದ್ದಾರೆ. ಡಬ್ಬಿ ಕೆಟ್ಟದ್ದೇನಲ್ಲ. ಇನ್ನೊಂದು ವರ್ಷ ಸಿಕ್ಕಿದ್ರೆ ಸರಿ ಮಾಡ್ತಾರೆ. ಈಗ ಒಪ್ಪಿಗೆ ಸಿಗದಿದ್ರೆ ಆ ಒಂದು ವರ್ಷನೂ ಸಿಗಲ್ಲ."

"ಅವನು ನನ್ನ ಹತ್ರ ಬಂದು ಕೇಳ್ದ. ನಿಮ್ಮ ಕಾಲನ್ನ ಮಾತ್ರ ನಂಬ್ತೀನಿ ಅಂದ. ನಾನು ಅದನ್ನ ಮರ್ಯಾದೆ ಅಂದ್ಕೊಂಡೆ."

"ಮರ್ಯಾದೆನೇ ಅಪ್ಪ."

"ಕಳ್ಳನಿಗೆ ಏಣಿ ಬೇಕಾದ್ರೆ ಗಟ್ಟಿ ಏಣಿನೇ ಹುಡುಕ್ತಾನೆ. ಅದು ಏಣಿಗೆ ಮರ್ಯಾದೆನಾ?" ಅವನು ದನಿ ಏರಿಸಲಿಲ್ಲ. "ಚೀಲದ ಬಾಯಿ ತೆಗೆಯೋಕೆ ಮರೆತೆ ಅಂತ ಬಾಗಿಲಲ್ಲಿ ನಿಂತಿದ್ದ ಹುಡುಗ ಅವನು. ಅವನಿಗೆ ಈ ಬುದ್ಧಿ ಎಲ್ಲಿಂದ ಬಂತು? ಅವನ ತಲೆಗೆ ತಾನಾಗಿ ಹೊಳೆಯೋ ಅಂಥದ್ದಲ್ಲ ಇದು. ಕಾಲಿಂದ ಎಷ್ಟು ಉಳಿಯುತ್ತೆ ಅಂತ ಎಂಜಿನಿಯರಿಗೆ ಗೊತ್ತಿರಲ್ಲ. ಓಡಿಸೋರಿಗೆ ಗೊತ್ತಿರುತ್ತೆ."

ಮಗಳು ಸೊಪ್ಪಿನ ದಂಟುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಆ ಗುಡ್ಡೆಯನ್ನು ಇನ್ನೊಂದು ಕಡೆಗೆ ಸರಿಸಿದಳು.

"ನಾನೇ ಹೇಳಿದ್ದು" ಅಂದಳು.

ಹೆಂಡತಿ ಮೊರ ಕೆಳಗಿಟ್ಟಳು.

"ಊಟಕ್ಕೆ ಕೂತಿದ್ವಿ. ಎರಡೂ ಗಾಡಿನ ಒಬ್ಬರೇ ಓಡ್ಸಿದ್ರೆ ಎರಡು ಪಾಲೂ ಉಳೀತಿಲ್ಲ, ಎಲ್ಲಾ ಮುಗೀತು ಅಂತ ತಟ್ಟೆ ಮುಂದೆ ತಲೆ ಬಗ್ಗಿಸ್ಕೊಂಡಿದ್ರು. ನಾನು ಅಂದೆ, ನಿಮ್ಮದಕ್ಕೆ ಅಪ್ಪನ್ನ ಕೂರಿಸಿ, ಹಳೇದಕ್ಕೆ ಆ ಇನ್ನೊಬ್ರನ್ನ ಕೂರಿಸಿ, ಅಂತ. ಬಾಯಿಗೆ ಬಂತು, ಅಂದೆ. ಅವರು ಬೇಡ ಅಂದ್ರು. ಎರಡು ದಿನ ಬೇಡ ಅಂದ್ರು."

"ಮೂರನೇ ದಿನ ನನ್ನ ಹೊಸ್ತಿಲಿಗೆ ಬಂದ."

"ಹೂಂ."

"ನನಗೆ ಹೇಳಿದ್ರೆ ಎರಡನ್ನೂ ನಾನೇ ಓಡಿಸಿಕೊಡ್ತಿದ್ದೆ. ಎಷ್ಟು ಸಲ ಬೇಕಾದ್ರೂ."

"ಗೊತ್ತು ಅಪ್ಪ. ಅದಕ್ಕೇ ಹೇಳ್ಲಿಲ್ಲ."

ಅಳಿಯ ಮಾಡಿದ್ದು ಒಂದು ತೂಕ, ಮಗಳು ಅಷ್ಟು ಸಲೀಸಾಗಿ ಆಡಿದ ಈ ಮಾತು ಇನ್ನೊಂದು ತೂಕ. ಅಪ್ಪನನ್ನು ಇವಳು ಚೆನ್ನಾಗಿ ಬಲ್ಲಳು. ಎಲ್ಲಿ ಒತ್ತಿದರೆ ಎಷ್ಟು ಓಡುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂದು ಪೂರ್ತಿ ತಿಳಿದವಳು. ತಿಳಿದೇ ಓಡಿಸಿದ್ದಳು. ಬೆಣ್ಣೆಗಾಲು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಬೀದಿಯಲ್ಲಿ ಒಂದು ಲಾರಿ ಹಿಂದೆ ಸರಿಯುತ್ತಿತ್ತು, ಒಬ್ಬ ಬಾಲದ ಕಡೆ ನಿಂತು ಬಾ ಬಾ ಎಂದು ಕೈ ಬೀಸುತ್ತಿದ್ದ. ಅದು ಗೇಟಿನೊಳಗೆ ಹೋಗುವವರೆಗೂ ಇವನು ಅಲ್ಲೇ ನಿಂತಿದ್ದ.

"ನೀವು ಸಹಿ ಹಾಕದಿದ್ರೆ ಅವರ ಕೆಲಸ ಹೋದ್ರೂ ಹೋಯ್ತು" ಎಂದಳು ಮಗಳು.

"ಏನಾದ್ರೂ ಅನ್ರೀ" ಎಂದಳು ಹೆಂಡತಿ.

ಅವನು ಮೇಜಿನ ಹತ್ತಿರ ಬಂದ. ಮೇಜಿನ ಖಾನೆಯಿಂದ ಪೆನ್ನು ತೆಗೆದ. ಹಾಳೆ ಬಿಡಿಸಿ ಅಂಗೈಯಿಂದ ನೀವಿದ. ಕೆಳಗಿನ ಸಾಲಿಗೆ, ಹಳದಿ ಚೀಟಿಯ ಗಾಡಿಯ ಸಾಲಿಗೆ, ಅಡ್ಡಗೆರೆ ಎಳೆದ. ಕೈಯಿಂದ ಎಳೆದ ಆ ಗೆರೆ ಸೊಟ್ಟಗಿತ್ತು. ಅದರ ಪಕ್ಕದಲ್ಲಿ ಆರನೆಯ ಕ್ಲಾಸಿನ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದ: 'ಈ ಹನ್ನೆರಡು ಓಟ ನನ್ನದಲ್ಲ. ಈ ಗಾಡಿಯನ್ನು ನಾನು ಒಂದೇ ಸಲ ಓಡಿಸಿದ್ದೇನೆ. ಅದರ ಲೆಕ್ಕದ ಚೀಟಿ ಇದರ ಜೊತೆ ಇದೆ.' ಸಹಿ ಹಾಕಿ ಚೀಟಿಯನ್ನು ಗುಂಡುಸೂಜಿಯಿಂದ ಹಾಳೆಗೆ ಚುಚ್ಚಿದ.

ಮಗಳು ಅದನ್ನು ನೋಡಿದಳು, ಓದಲಿಲ್ಲ. ಅವಳಿಗೆ ಓದುವ ಅಗತ್ಯ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಮ್ಮ ಬಾಗಿಲವರೆಗೆ ಹೋಗಿ, "ಊಟ ಮಾಡ್ಕೊಂಡು ಹೋಗೇ" ಎಂದದ್ದು ಮೆಟ್ಟಿಲಿಗೆ ಕೇಳಿಸಿತು, ಅವಳಿಗೆ ಕೇಳಿಸಲಿಲ್ಲ.

ಸೋಮವಾರ ಹಾಳೆಯನ್ನು ಅವನು ಸಂಶೋಧನಾಲಯದ ಮುಖ್ಯಸ್ಥರ ಮೇಜಿನ ಮೇಲಿಟ್ಟ. ಅವರು ಓದಿ ಕನ್ನಡಕ ತೆಗೆದರು. "ಇದನ್ನ ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವೇ? ಬರೆದುಬಿಟ್ಟಿದ್ದೀರಿ" ಅಂದರು.

"ಸುಳ್ಳನ್ನೂ ಬರೆದೇ ಕೊಟ್ಟಿದ್ರು ಸ್ವಾಮಿ."

ಡಬ್ಬಿಗೆ ಒಪ್ಪಿಗೆ ಸಿಗಲಿಲ್ಲ. ಅಳಿಯನ ಕೆಲಸ ಹೋಗಲಿಲ್ಲ, ಆದರೆ ಸಂಶೋಧನೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ನಟ್ಟು ಬೋಲ್ಟು ಎಣಿಸುವ ಕೆಲಸ. ಡಬ್ಬಿಯನ್ನು ಇನ್ನಿಬ್ಬರು ಎಂಜಿನಿಯರುಗಳ ಕೈಗೆ ಕೊಟ್ಟರು, ಅವರು ಮೊದಲಿಂದ ಶುರುಮಾಡಿದರು. ಅಂದಿನಿಂದ ಯಾವ ಗಾಡಿಗೆ ಯಾವ ಚಾಲಕ ಎಂದು ಚೀಟಿ ಎತ್ತುವ ಕ್ರಮ ಬಂತು. ಕೋಣೆಯ ದಾರಿಯಲ್ಲಿ ಅಳಿಯ ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಚಾಲಕರೇ ಎಂದೂ ಅನ್ನುತ್ತಿರಲಿಲ್ಲ, ಮಾವ ಎಂದೂ ಅನ್ನುತ್ತಿರಲಿಲ್ಲ. ಕೆಲವರು ಬೆಣ್ಣೆಗಾಲಿನ ಬೆನ್ನು ತಟ್ಟಿದರು. ಇನ್ನು ಕೆಲವರು ಸ್ವಂತ ಅಳಿಯನನ್ನೇ ಬಿಡಲಿಲ್ಲ ನೋಡು ಎಂದು ಅವನಿಗೆ ಕೇಳಿಸುವ ಹಾಗೆ ಅಂದರು. ಬುತ್ತಿಯ ಬೆಂಚಿನ ಮೇಲೆ ಒನಕೆಗಾಲು ಈಗ ಬೇರೆ ವಿಷಯ ಮಾತಾಡುತ್ತಿದ್ದ, ಹಲ್ಲುನೋವು, ಮಳೆ, ಬಸ್ಸು.

ಇಪ್ಪತ್ತೇಳು ವರ್ಷ ಮುಗಿದಿತ್ತು, ನಿವೃತ್ತಿಗೆ ಇನ್ನು ಎರಡು ವರ್ಷ ಇತ್ತು. ಆ ಎರಡು ವರ್ಷದಲ್ಲಿ ಅವನ ಮೂರು ಓಟ ರದ್ದಾದವು.

ಮಗಳು ಅಮ್ಮನಿಗೆ ಫೋನು ಮಾಡುವುದನ್ನು ಬಿಡಲಿಲ್ಲ. ರಜೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಫೋನು ಬರುತ್ತಿತ್ತು. ತಾಯಿ ಮಗಳು ಅದೂ ಇದೂ ಅರ್ಧ ಗಂಟೆ ಮಾತಾಡುತ್ತಿದ್ದರು. ಬೆಣ್ಣೆಗಾಲು ಅದೇ ಕೋಣೆಯಲ್ಲಿ ಹಳೆಯ ಪೇಪರು ಹಿಡಿದು ಕೂತಿರುತ್ತಿದ್ದ.

"ಇಲ್ಲೇ ಇದಾರೆ. ಕೊಡ್ಲಾ?" ಎಂದು ಹೆಂಡತಿ ಪ್ರತಿ ಸಲವೂ ಕೇಳುತ್ತಿದ್ದಳು. ಆಮೇಲೆ ಆ ಕಡೆಯ ಉತ್ತರ ಕೇಳಿಸಿಕೊಂಡು, "ಸರಿ, ಹಾಗಾದ್ರೆ ಇಡ್ತೀನಿ" ಎನ್ನುತ್ತಿದ್ದಳು.

ಅವನು ಪೇಪರಿನ ಪುಟ ತಿರುಗಿಸುತ್ತಿದ್ದ. ಓದಿ ಮುಗಿದಿತ್ತೆಂದಲ್ಲ.